ಮೊದಲು ಕ್ರೆಡಿಟ್ ವಿಚಾರ ಕೇಳಿ
ವಿದ್ಯಾರ್ಥಿಗಳು ತಮ್ಮ ಕಾಲೇಜಿನ ಬದಲು ಹೊರಗಿನ ಸಂಸ್ಥೆಯ ಮೂಲಕ ಸ್ವಲ್ಪ ಕಾಲ ವಿದೇಶಕ್ಕೆ ಓದಲು ಹೋದರೆ ಆಯ್ಕೆ ಜಾಸ್ತಿ ಅಂತ ಒಂದು ಲೇಖನದಲ್ಲಿದೆ. ನಿಜ. ಆದರೆ ಕ್ರೆಡಿಟ್, ಅಂದರೆ ಪಾಸಾದ ಕೋರ್ಸಿಗೆ ಸಿಕ್ಕಿ ಪದವಿಯ ಲೆಕ್ಕಕ್ಕೆ ಸೇರುವ ಘಟಕಗಳ ವಿಚಾರವನ್ನು ಲೇಖನ ಒಂದೇ ಸಾಲಲ್ಲಿ ಮುಗಿಸಬಾರದಿತ್ತು. ವಿದ್ಯಾರ್ಥಿಗಳಿಗೆ ಪೆಟ್ಟು ಬೀಳುವುದೇ ಅಲ್ಲಿ ಅಲ್ವಾ? ಯುರೋಪಿನಲ್ಲಿ ಒಂದು ವರ್ಷದ ಓದಿಗೆ 60 ಇಸಿಟಿಎಸ್ (ಯುರೋಪಿನ ಕ್ರೆಡಿಟ್ ಪದ್ಧತಿ) ಕ್ರೆಡಿಟ್, ಅಮೆರಿಕದ ಕಾಲೇಜುಗಳಲ್ಲಿ ಸಾಮಾನ್ಯವಾಗಿ 30. ಹಾಗಾಗಿ ಯುರೋಪಿನಲ್ಲಿ ಗಳಿಸಿದ 6 ಕ್ರೆಡಿಟ್ ಅಮೆರಿಕದ ಲೆಕ್ಕದಲ್ಲಿ ಸುಮಾರು 3 ಆಗುತ್ತದೆ. ಹೊರಡುವ ಮುಂಚೆಯೇ ಪ್ರತಿ ಕೋರ್ಸಿನ ಸಿಲೆಬಸ್ ತೋರಿಸಿ, ಅದರ ಕ್ರೆಡಿಟ್ ಲೆಕ್ಕಕ್ಕೆ ತೆಗೆದುಕೊಳ್ಳಲು ನಿಮ್ಮ ಕಾಲೇಜಿನ ವಿಭಾಗದಿಂದ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಬಾಯಿಮಾತು ನಂಬಬೇಡಿ. ಅಂಕಪಟ್ಟಿ ಯಾವ ವಿಶ್ವವಿದ್ಯಾಲಯದ ಹೆಸರಲ್ಲಿ ಬರುತ್ತದೆ ಅಂತಲೂ ಕೇಳಿ. ಕೋರ್ಸು ನಡೆಸುವ ಸಂಸ್ಥೆಗೆ ಎಷ್ಟೋ ಸಲ ಅದನ್ನು ಕೊಡುವ ಅಧಿಕಾರವೇ ಇರುವುದಿಲ್ಲ. ವಿದ್ಯಾರ್ಥಿವೇತನ ಇದ್ದರೆ, ಆ ಅವಧಿಯಲ್ಲೂ ಸಿಗುತ್ತದಾ ಅಂತ ಮೊದಲೇ ತಿಳಿದುಕೊಳ್ಳಿ.