ಸಿಗರೇಟ್ ಸೇದಿದರೆ ಪರಿಹಾರ ಕಟ್? ಒಂದು ಸ್ಪಷ್ಟನೆ

ಇಂಗ್ಲೆಂಡಿನಲ್ಲಿ ಅಪಘಾತದ ಪರಿಹಾರ ಕೇಳಿದರೆ, ವಿಮೆ ಕಂಪನಿಯವರು ಆಯಸ್ಸು ಲೆಕ್ಕ ಹಾಕುವ ತಜ್ಞರನ್ನು ಕರೆಸಿ 'ಇವರು ಸಿಗರೇಟ್ ಸೇದ್ತಾರೆ, ಜಾಸ್ತಿ ದಿನ ಬದುಕಲ್ಲ' ಅಂತ ಹೇಳಿಸಿ ದುಡ್ಡು ಕಡಿಮೆ ಮಾಡಿಸುತ್ತಾರೆ ಎಂಬ ಮಾತು ಓಡಾಡುತ್ತಿದೆ. ಅಷ್ಟು ಸಲೀಸಲ್ಲ.

ಅಲ್ಲಿ ತಜ್ಞರ ಸಾಕ್ಷ್ಯಕ್ಕೆ ಕೋರ್ಟಿನ ಅನುಮತಿ ಬೇಕೇ ಬೇಕು. ಲೆಕ್ಕ ನಡೆಯುವುದು ಮಾಮೂಲಾಗಿ ಆಗ್ಡನ್ ಟೇಬಲ್ಸ್ ಮೇಲೆ, ಅಂದರೆ ಆಯಸ್ಸಿನ ಅಂದಾಜು ಹಿಡಿದು ಪರಿಹಾರ ಲೆಕ್ಕ ಹಾಕುವ ಪಟ್ಟಿಗಳ ಮೇಲೆ. ಅದು ಇಡೀ ಜನಸಂಖ್ಯೆಯ ಸರಾಸರಿ, ಸೇದುವವರೂ ದಪ್ಪಗಿರುವವರೂ ಅದರೊಳಗೇ ಇದ್ದಾರೆ ಅಲ್ವಾ? 2019ರ ಡಾಡ್ಸ್ ವರ್ಸಸ್ ಆರಿಫ್ ತೀರ್ಪು ಇದನ್ನು ಬಿಡಿಸಿ ಹೇಳಿತು: ಗಾಯದಿಂದ ಆಯಸ್ಸಿಗೆ ಏನೂ ಆಗಿಲ್ಲದಿದ್ದರೆ, ಈ ವ್ಯಕ್ತಿ ಸರಾಸರಿಗಿಂತ ಬೇರೆ ಎನ್ನಲು ಸ್ಪಷ್ಟ ಆಧಾರ ಬೇಕು. ಗಾಯದಿಂದಲೇ ಆಯಸ್ಸು ಕುಗ್ಗಿದ್ದರೂ ಸಾಮಾನ್ಯವಾಗಿ ಮೊದಲು ಹೇಳಬೇಕಾದವರು ಕೇಸಿನಲ್ಲಿ ಆಗಲೇ ಇರುವ ವೈದ್ಯ ತಜ್ಞರು, ಉದಾಹರಣೆಗೆ ಮೆದುಳಿನ ಗಾಯಕ್ಕೆ ನರರೋಗ ತಜ್ಞರು. ಅವರ ಕೈಯಲ್ಲಿ ಆಗದಿದ್ದಾಗ ಅಥವಾ ಅವರಿಗೇ ನೆರವು ಬೇಕಾದಾಗ ಮಾತ್ರ ಪ್ರತ್ಯೇಕ ಆಯಸ್ಸಿನ ತಜ್ಞರು ಬರುತ್ತಾರೆ.

ಹಾಗಂತ ಬಾಗಿಲು ಪೂರ್ತಿ ಮುಚ್ಚಿಲ್ಲ. ಗಂಭೀರ ಕಾಯಿಲೆ ಮೊದಲೇ ಇದ್ದರೆ ಲೆಕ್ಕ ಬದಲಾಗಬಹುದು.

ನಮ್ಮ ಮೋಟಾರು ಅಪಘಾತ ಕೇಸುಗಳ ದಾರಿಯೇ ಬೇರೆ. ಸುಪ್ರೀಂ ಕೋರ್ಟಿನ 2009ರ ಸರಳಾ ವರ್ಮಾ ತೀರ್ಪಿನ ಪಟ್ಟಿಯಲ್ಲಿ ವಯಸ್ಸು ನೋಡಿ ಗುಣಕ (ವರ್ಷದ ಆದಾಯ ನಷ್ಟವನ್ನು ಗುಣಿಸುವ ಅಂಕಿ) ಹಿಡಿಯುತ್ತಾರೆ: 26ರಿಂದ 30ಕ್ಕೆ 17. ಎರಡನ್ನೂ ಕಲಸಿ ಸುಮ್ನೆ ಫಾರ್ವರ್ಡ್ ಮಾಡಬೇಡಿ.