ಹೊಡೆದಾಟಕ್ಕಿಂತ ಜಾಹೀರಾತಿನ ಬಗ್ಗೆಯೇ ನನಗೆ ಚಿಂತೆ ಜಾಸ್ತಿ

ಹದಿಹರೆಯದ ಹುಡುಗನೊಬ್ಬ ಪೊಲೀಸರ ಕೈಗೆ ಸಿಕ್ಕಿಬಿದ್ದರೆ ಸಾಕು, ಎಲ್ಲರೂ ಟಿವಿಯನ್ನು ಬೈಯಲು ಶುರು ಮಾಡುತ್ತಾರೆ. ಅದರಲ್ಲೂ ಫೈಟಿಂಗ್ ದೃಶ್ಯಗಳನ್ನು. ಟಿವಿಯದ್ದು ತಪ್ಪೇ ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಬೈಯಬೇಕಾದದ್ದನ್ನು ಬಿಟ್ಟು ಬೇರೇನನ್ನೋ ಬೈಯುತ್ತಿದ್ದೇವೆ.

ಎಲ್ಲರೂ ಮುಂದಿಡುವ ಸಾಕ್ಷಿ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1961ರಲ್ಲಿ ಮಾಡಿದ ಬೊಬೊ ಗೊಂಬೆಯ ಪ್ರಯೋಗ. ದೊಡ್ಡವರು ಗೊಂಬೆಗೆ ಹೊಡೆಯುವುದನ್ನು ನೋಡಿದ ಮಕ್ಕಳು ತಾವೂ ಹಾಗೇ ಹೊಡೆದರು. 1963ರಲ್ಲಿ ಅದನ್ನೇ ಫಿಲ್ಮ್‌ನಲ್ಲಿ ತೋರಿಸಿದಾಗಲೂ ಹೊಡೆದರು. ಸರಿ, ಆದರೆ ಅದು ಗುದ್ದಿದರೆ ಮತ್ತೆ ಎದ್ದು ನಿಲ್ಲಲೆಂದೇ ಮಾಡಿದ ಗೊಂಬೆ! ಅದಕ್ಕೆ ಗುದ್ದಿದ ಮಗು ಮುಂದೆ ಯಾರದೋ ಮನೆಯ ಬೀಗ ಒಡೆಯುತ್ತದೆ ಅನ್ನುವುದು ಹೇಗೆ?

ನನ್ನನ್ನು ಕಾಡುವುದು ಇನ್ನೊಂದು ಅಧ್ಯಯನ. ಅಮೆರಿಕದಲ್ಲಿ 1948ರಿಂದ 1952ರವರೆಗೆ ಹೊಸ ಟಿವಿ ಕೇಂದ್ರಗಳಿಗೆ ಲೈಸೆನ್ಸ್ ಕೊಡುವುದನ್ನು ನಿಲ್ಲಿಸಿದ್ದರು. ಕೆಲವು ಊರುಗಳಲ್ಲಿ ಅಷ್ಟರಲ್ಲೇ ಟಿವಿ ಬಂದಾಗಿತ್ತು, ಉಳಿದವು ಕಾಯಬೇಕಾಯಿತು. ಯಾರೂ ಬೇಕಂತ ಮಾಡದೆಯೇ ಒಂದು ಪ್ರಯೋಗ ನಡೆದುಹೋಯಿತು, ಅಲ್ವಾ? ಕ್ಯಾರೆನ್ ಹೆನಿಗನ್ ಮತ್ತು ಜೊತೆಗಾರರು ಈ ಎರಡೂ ಬಗೆಯ ಊರುಗಳ ಅಪರಾಧದ ಲೆಕ್ಕ ತೆಗೆದು 1982ರಲ್ಲಿ ಪ್ರಕಟಿಸಿದರು. ಟಿವಿ ಬಂದಮೇಲೆ ಹಿಂಸೆಯ ಅಪರಾಧ ಏರಿದ ಗುರುತು ಸಿಗಲಿಲ್ಲ. ಏರಿದ್ದು ಕಳ್ಳತನ. ಮೊದಲು ಟಿವಿ ಬಂದ ಕಡೆಯೂ, ತಡವಾಗಿ ಬಂದ ಕಡೆಯೂ.

ಇದು ಬರೀ ಮಕ್ಕಳ ಲೆಕ್ಕವಲ್ಲ, ದೊಡ್ಡವರೂ ಸೇರಿದ್ದಾರೆ. ಕಾರಣವೂ ಸಂಶೋಧಕರ ಊಹೆಯೇ: ತೆರೆಯ ಮೇಲೆ ಉಳ್ಳವರ ಬದುಕು, ಹೊಸ ಹೊಸ ಸಾಮಾನು ನೋಡಿ ಇಲ್ಲದವರಿಗೆ ಆಸೆ, ಅಸಮಾಧಾನ ಎರಡೂ ಬಂದಿರಬಹುದು ಅಂತ. ನನಗಂತೂ ಈ ಊಹೆ ಸರಿ ಅನಿಸುತ್ತದೆ. ರಕ್ತ ತೋರಿಸಿದರೆ ಕತ್ತರಿ ಹಾಕುತ್ತಾರೆ. ಆದರೆ ಈ ಶೂ ಇಲ್ಲದವನು, ಈ ಫೋನ್ ಇಲ್ಲದವನು ದಡ್ಡ ಅನ್ನುವ ಹಾಗೆ ಜಾಹೀರಾತು ದಿನಾ ಹೇಳಿದರೆ ಯಾರೂ ತಡೆಯುವುದಿಲ್ಲ. ಜೇಬಲ್ಲಿ ಕಾಸಿಲ್ಲದ ಹದಿನಾಲ್ಕರ ಹುಡುಗ ಅದನ್ನು ಎಷ್ಟು ಸಲ ಕೇಳಿಸಿಕೊಳ್ಳಬೇಕು?

ಹಾಗಂತ ಎಲ್ಲವನ್ನೂ ಟಿವಿಯ ತಲೆಗೆ ಕಟ್ಟಲೂ ಆಗದು. 1977ರಲ್ಲಿ ಫ್ಲಾರಿಡಾದ ಕೊಲೆ ಕೇಸೊಂದರಲ್ಲಿ, 15 ವರ್ಷದ ಆರೋಪಿಗೆ ಟಿವಿಯ ಅಮಲೇರಿತ್ತು ಅಂತ ವಕೀಲರು ವಾದಿಸಿದರು. ಜ್ಯೂರಿ ಒಪ್ಪಲಿಲ್ಲ. ನಾನಿದ್ದರೂ ಒಪ್ಪುತ್ತಿರಲಿಲ್ಲ.

ಫೈಟಿಂಗ್ ಚಾನೆಲ್‌ಗೆ ಲಾಕ್ ಹಾಕುವ ಅಪ್ಪ ಅಮ್ಮಂದಿರು ಜಾಹೀರಾತು ಬಂದ ಕೂಡಲೇ ಎದ್ದು ಬೇರೆ ಕೆಲಸಕ್ಕೆ ಹೋಗುತ್ತಾರೆ. ನನ್ನ ಕೇಳಿದರೆ, ಮಕ್ಕಳ ಪಕ್ಕ ಕೂತು ಮಾತಾಡಬೇಕಾದದ್ದು ಆಗಲೇ.