ಡಾಕ್ಟರ ಕೋಣೆಯಲ್ಲಿ ಮನೆಯವರ ಕುರ್ಚಿ

ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಾಗಲಿ, ನಿಮ್ಹಾನ್ಸ್ ಓಪಿಡಿಯಲ್ಲಾಗಲಿ ಮನೋವೈದ್ಯರ ಎದುರು ರೋಗಿ ಒಬ್ಬರೇ ಕೂರುವುದು ಅಪರೂಪ. ಪಕ್ಕದಲ್ಲಿ ಅಮ್ಮ ಇರುತ್ತಾರೆ, ಅಣ್ಣ ಇರುತ್ತಾನೆ, ಕೆಲವೊಮ್ಮೆ ಭಾವನೂ. ನಾನಿರುವ ಇಂಗ್ಲೆಂಡಿನಲ್ಲಿ ವಯಸ್ಕರು ಸಾಮಾನ್ಯವಾಗಿ ಒಬ್ಬರೇ ಒಳಗೆ ಹೋಗುತ್ತಾರೆ; ಅವರು ಒಪ್ಪದಿದ್ದರೆ ಹೆತ್ತ ತಾಯಿಗೂ ವಿವರ ಸಿಗುವುದು ಕಷ್ಟ. ಇಲ್ಲಿನದೇ ಮುಂದುವರಿದ ಕ್ರಮ ಎಂದು ನಮ್ಮವರಲ್ಲಿ ಅನೇಕರು ನಂಬಿದ್ದಾರೆ. ಇಲ್ಲದ ದನಿ ಕೇಳಿಸುವ, ಬುಡವಿಲ್ಲದ ಸಂಶಯ ಬಲವಾಗಿ ಬೇರೂರುವ ಸ್ಕಿಜೋಫ್ರೇನಿಯಾ ಎಂಬ ಮನೋರೋಗದ ಮಟ್ಟಿಗೆ ನಾನು ಒಪ್ಪಲಾರೆ.

ಈ ಕಾಯಿಲೆ ನೂರಕ್ಕೆ ಹೆಚ್ಚುಕಡಿಮೆ ಒಬ್ಬರಿಗೆ ಬರುತ್ತದೆ. ಅಪ್ಪನಿಗೋ ಅಮ್ಮನಿಗೋ ಇದ್ದರೆ ಮಕ್ಕಳಲ್ಲಿ ಸಾಧ್ಯತೆ ಹಲವು ಪಟ್ಟು ಏರುತ್ತದೆ. ಆದರೂ ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೆ ಬಂದೇ ತೀರುತ್ತದೆಂದೇನಿಲ್ಲ. ಹರೆಯದ ಗಾಂಜಾ, ಹುಟ್ಟುವಾಗಿನ ತೊಡಕು, ದೇಶ ಬಿಟ್ಟು ದೇಶಕ್ಕೆ ಬಂದು ನೆಲೆಸುವುದು, ಇವೂ ಅಪಾಯ ಹೆಚ್ಚಿಸುತ್ತವೆ. ಹೊರನಾಡಿನವರು ಕೊನೆಯದನ್ನು ಗಮನಿಸಬೇಕು. ತಾಯಿ ಸಾಕಿದ ರೀತಿ ಸರಿಯಿಲ್ಲದೆ ಕಾಯಿಲೆ ಬಂತು ಎನ್ನುವುದು ಮಾತ್ರ ಹಳೆಯ ಸುಳ್ಳು.

ಕಾಯಿಲೆ ಮರುಕಳಿಸುವುದರಲ್ಲಿ ಮನೆಯ ಪಾತ್ರ ಇದ್ದೇ ಇದೆ. ಲಂಡನ್ನಿನಲ್ಲಿ ಸಮಾಜಶಾಸ್ತ್ರಜ್ಞ ಜಾರ್ಜ್ ಬ್ರೌನ್ ಮತ್ತು ಅವರ ನಂತರದವರು ಕಂಡುಕೊಂಡದ್ದಿದು: ಸದಾ ಆಕ್ಷೇಪಣೆ, ಸಿಡುಕು ಅಥವಾ ಉಸಿರುಕಟ್ಟಿಸುವ ಕಾಳಜಿ ಇರುವ ಮನೆಗೆ ಮರಳಿದವರಲ್ಲಿ, ಅದರಲ್ಲೂ ವಾರಕ್ಕೆ 35 ಗಂಟೆಗಿಂತ ಹೆಚ್ಚು ಮುಖಾಮುಖಿ ಇರುವವರಲ್ಲಿ, ಅದು ಹೆಚ್ಚಾಗಿ ಮರುಕಳಿಸುತ್ತದೆ. ಚಂಡೀಗಢದಲ್ಲಿ ನೋಡಿದಾಗ ಅಂಥ ಮನೆಗಳು ಲಂಡನ್ನಿಗಿಂತ ಕಡಿಮೆ ಸಿಕ್ಕವು. ಈಗ ಇಂಗ್ಲೆಂಡಿನ ಮಾರ್ಗಸೂಚಿಯೇ ಮೂರು ತಿಂಗಳಿಂದ ಒಂದು ವರ್ಷದ ಅವಧಿಯಲ್ಲಿ ಕುಟುಂಬವನ್ನು ಕೂರಿಸಿಕೊಂಡು ಕನಿಷ್ಠ 10 ಬಾರಿ ಮಾತಾಡಿ ಎನ್ನುತ್ತದೆ. ಹೊರಗಿಟ್ಟ ಕುರ್ಚಿಯನ್ನು ಒಳಗೆ ತರಲು ಇಷ್ಟೆಲ್ಲ ಏರ್ಪಾಡು. ನಮ್ಮಲ್ಲಿ ಅದು ಒಳಗೇ ಇದೆ. ನಿದ್ದೆ ಕೆಟ್ಟದ್ದು, ಊಟ ಬಿಟ್ಟದ್ದು, ತನ್ನಷ್ಟಕ್ಕೆ ಗೊಣಗತೊಡಗಿದ್ದು ಮೊದಲು ಕಾಣುವುದು ಮನೆಯವರಿಗೇ.

ಆದರೆ ಆ ಕುರ್ಚಿಯಲ್ಲಿ ಕೂತವರೇ ಎಲ್ಲ ಮಾತನ್ನೂ ಆಡಿಬಿಡುತ್ತಾರೆ. ಸಾಯುವ ಯೋಚನೆ, ಮಾತ್ರೆಯಿಂದ ಕುಗ್ಗಿದ ಲೈಂಗಿಕ ಆಸಕ್ತಿ, ಮನೆಯಲ್ಲಿ ಬಿದ್ದ ಪೆಟ್ಟು, ಇವನ್ನು ಅಣ್ಣನ ಮುಂದೆ ಯಾರು ಹೇಳುತ್ತಾರೆ? ಗೌಪ್ಯತೆ ರೋಗಿಯ ಹಕ್ಕು ಎಂದು ನಮ್ಮ 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಹೇಳುತ್ತದೆ.

ಇನ್ನೊಂದು, ಗೊತ್ತಾಗದಂತೆ ಸಾರಿನಲ್ಲಿ ಮಾತ್ರೆ ಬೆರೆಸುವುದು. ಅರ್ಧ ಊಟ ಬಿಟ್ಟರೆ ಹೊಟ್ಟೆಗೆ ಎಷ್ಟು ಹೋಯಿತೋ ಲೆಕ್ಕವಿಲ್ಲ. ‘ಅನ್ನದಲ್ಲಿ ಏನೋ ಹಾಕುತ್ತಾರೆ’ ಎಂಬ ಸಂಶಯ ಮೊದಲೇ ಇದ್ದವರಿಗೆ ಒಮ್ಮೆ ಪುಡಿ ಕಂಡಿತೋ, ಆ ಸಂಶಯ ನಿಜವೇ ಆಯಿತು. ಮುಂದೆ ಅಮ್ಮನ ಕೈಯಡುಗೆಯೂ ಬೇಡ, ಡಾಕ್ಟರೂ ಬೇಡ. ಬೇರೆ ಮದ್ದುಗಳಿಗೆ ಬಗ್ಗದಾಗ ಕೊಡುವ ಕ್ಲೋಜಪೀನ್ ಮಾತ್ರೆ ಆದರಂತೂ ಜೀವಕ್ಕೇ ಅಪಾಯ: 48 ಗಂಟೆಗಿಂತ ಹೆಚ್ಚು ತಪ್ಪಿದರೆ ಹಳೆಯ ಡೋಸಿಗೆ ಮರಳುವಂತಿಲ್ಲ, 12.5 ಮಿಲಿಗ್ರಾಂನಿಂದ ಮತ್ತೆ ಏರಿಸಿಕೊಂಡು ಬರಬೇಕು. ಇಲ್ಲವಾದರೆ ಬಿಪಿ ಕುಸಿಯಬಹುದು, ಫಿಟ್ಸ್ ಬರಬಹುದು. ದಿನದ ಮಾತ್ರೆ ನುಂಗಲು ಒಲ್ಲದವರಿಗೆ ಎರಡು–ನಾಲ್ಕು ವಾರಕ್ಕೊಮ್ಮೆ ಕೊಡುವ ಫ್ಲೂಫೆನಜೀನ್‌ನಂಥ ಇಂಜೆಕ್ಷನ್, ಹೇಳಿ ಒಪ್ಪಿಸಿ ಕೊಡಿಸುವುದು ಮೇಲು.

ಇಂಗ್ಲೆಂಡಿನಿಂದ ನಾನು ಎರವಲು ತರುವುದಾದರೆ ಕ್ಲೋಜಪೀನ್‌ನ ಕಟ್ಟುನಿಟ್ಟನ್ನು. ಈ ಮದ್ದು ಕೆಲವರಲ್ಲಿ ಸೋಂಕು ತಡೆಯುವ ಬಿಳಿರಕ್ತಕಣಗಳನ್ನು ಇಳಿಸಿಬಿಡುವುದರಿಂದ ಮೊದಲ 18 ವಾರ ವಾರಕ್ಕೊಮ್ಮೆ ಅವುಗಳ ಎಣಿಕೆ ಆಗಬೇಕು; ವರದಿ ಬರದೆ ಮಾತ್ರೆ ಸಿಗದು. ನಮ್ಮಲ್ಲಿ ಹಳೆಯ ಚೀಟಿ ತೋರಿಸಿದರೂ ಕೊಡುವ ಮೆಡಿಕಲ್ ಶಾಪುಗಳಿವೆ. ಈ ಮಾತ್ರೆ ತಿನ್ನುವವರಿಗೆ ಜ್ವರ, ಗಂಟಲುನೋವು ಬಂದರೆ ಕಷಾಯ ಕುಡಿದು ಕಾಯುವಂತಿಲ್ಲ, ಅಂದೇ ರಕ್ತ ಪರೀಕ್ಷೆ ಆಗಬೇಕು. ಮಲಬದ್ಧತೆಯನ್ನೂ ಸಣ್ಣದೆಂದು ಬಿಡಬಾರದು, ಕರುಳು ಸ್ತಬ್ಧವಾಗಿ ಸತ್ತವರಿದ್ದಾರೆ. ಸಿಗರೇಟು ಥಟ್ಟನೆ ಬಿಟ್ಟರೆ ರಕ್ತದಲ್ಲಿ ಮದ್ದಿನ ಮಟ್ಟ ಏರುತ್ತದೆ, ಅದನ್ನೂ ಡಾಕ್ಟರಿಗೆ ತಿಳಿಸಬೇಕು.

ಹಾಗಾಗಿ ಕುರ್ಚಿ ಇರಲಿ, ಮೊದಲ ಹತ್ತು ನಿಮಿಷ ಮಾತ್ರ ಅದು ಖಾಲಿ ಇರಲಿ. ರೋಗಿಯ ಮಾತು ಮುಗಿದ ಮೇಲೆ, ಯಾವುದನ್ನು ಹೇಳಬಹುದು ಎಂದು ಅವರನ್ನೇ ಕೇಳಿ ಮನೆಯವರನ್ನು ಕರೆಯಲಿ. ನಿದ್ದೆ ಹೇಗಿದೆ, ಸ್ಟ್ರಿಪ್ಪಿನಲ್ಲಿ ಎಷ್ಟು ಮಾತ್ರೆ ಉಳಿದಿವೆ ಎಂದು ವಿಚಾರಿಸಲಿ. ಸರ್ಕಾರದ ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುವ ಮನೋವೈದ್ಯರಿಗೆ ಅಷ್ಟು ಪುರುಸೊತ್ತು ಇರಲಿಕ್ಕಿಲ್ಲ, ನಿಜ. ಆ ಹತ್ತು ನಿಮಿಷವನ್ನು ತರಬೇತಾದ ನರ್ಸ್ ಒಬ್ಬರು ಪಕ್ಕದ ಕೋಣೆಯಲ್ಲಿ ನಡೆಸಬಹುದು. ಇಂಗ್ಲೆಂಡಿನಲ್ಲೂ ಇಂಥ ಕೆಲಸದ ಬಹುಪಾಲು ಮಾಡುವವರು ನರ್ಸುಗಳೇ.